ಚಿಂತಾಕಿಯ ವಸ್ತಿ ಬಸ್ಸಿನಲ್ಲಿ ನಿದ್ರೆಯ ಪರೀಕ್ಷೆ

ಸೋಮವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಬೀದರದ ಆಸ್ಪತ್ರೆಯಲ್ಲಿ ನನ್ನ ಕೋಣೆ. ಹಾಜರಿದ್ದವರು: ಬಸ್ ಚಾಲಕ ಕಾಶೀನಾಥ, ಅವರ ಹೆಂಡತಿ ಮಹಾದೇವಿ, ಅವರ ಬಸ್ಸಿನ ಕಂಡಕ್ಟರ್ ರಶೀದ್ ಮತ್ತು ನಾನು. ಕರೆದದ್ದು ಒಬ್ಬರನ್ನು, ಬಂದವರು ಮೂವರು. ಕೇಳಿದ ಪ್ರಶ್ನೆಗೆಲ್ಲ ಮೂವರೂ ಒಟ್ಟಿಗೆ ಉತ್ತರ ಕೊಟ್ಟರು.

ಮೈಸೂರಿನಲ್ಲಿ ಮೂವತ್ತು ವರ್ಷ ನಿದ್ರೆಯ ಕಾಯಿಲೆಗಳ ವೈದ್ಯೆಯಾಗಿ, ಕೊನೆಗೆ ಆಸ್ಪತ್ರೆಯ ಮುಖ್ಯಸ್ಥೆಯಾಗಿ ಕೆಲಸ ಮಾಡಿದೆ. ಅಲ್ಲಿ ರೋಗಿ ಫೈಲು ಹಿಡಿದು ಒಬ್ಬನೇ ಒಳಗೆ ಬರಬೇಕೆಂಬ ನಿಯಮ ನಾನೇ ಮಾಡಿದ್ದು. ನಿವೃತ್ತಿಯ ನಂತರ ಇಲ್ಲಿ ನಿದ್ರಾ ವಿಭಾಗ ಕಟ್ಟಲು ಬಂದೆ. ನಿಯಮ ಮೊದಲ ವಾರವೇ ಮುರಿಯಿತು. ಇಲ್ಲಿ ಯಾರನ್ನೂ ಒಬ್ಬರೇ ಇರಲು ಬಿಡುವುದಿಲ್ಲ. ನನ್ನ ಬಾಡಿಗೆ ಮನೆಯ ಒಡತಿ, ಓಣಿಯವರೆಲ್ಲ ಖಾಲಾ (ಚಿಕ್ಕಮ್ಮ) ಎಂದು ಕರೆಯುವವರು, ಸಂಜೆ ಜೋಳದ ರೊಟ್ಟಿ ತಂದಿಟ್ಟು, "ಅಕೇಲೆ ನಕ್ಕೋ ಖಾವ್" ಎನ್ನುತ್ತಾರೆ. ಒಬ್ಬಳೇ ಕೂತು ಉಣ್ಣಬೇಡ ಎಂದು. ಎಂಟಕ್ಕೆ ಊಟ ಎಂದು ಹೇಳಿ ಹೇಳಿ ಸೋತೆ, ಈಗ ಅವರೊಂದಿಗೆ ಏಳಕ್ಕೇ ಉಣ್ಣುತ್ತೇನೆ.

ಕಾಶೀನಾಥ ಒಂದು ಮುಂಜಾನೆ ಔರಾದ ರಸ್ತೆಯಲ್ಲಿ ಸ್ಟೇರಿಂಗ್ ಮೇಲೆ ತೂಕಡಿಸಿದ್ದರು. ರಶೀದ್ ಕೂಗಿ ಎಬ್ಬಿಸಿದ್ದರಿಂದ ಬಸ್ಸು ರಸ್ತೆ ಬಿಟ್ಟಿಳಿಯಲಿಲ್ಲ. ನಾನು ಉಸಿರಾಟ ದಾಖಲಿಸುವ ಪೆಟ್ಟಿಗೆ ಕೊಟ್ಟು, ಒಂದು ರಾತ್ರಿ ಕಟ್ಟಿಕೊಂಡು ಮಲಗಲು ಭಾಲ್ಕಿಯ ಅವರ ಮನೆಗೆ ಕಳಿಸಿದ್ದೆ. ವರದಿಯಲ್ಲಿ ದೋಷವೇನೂ ಇರಲಿಲ್ಲ. ಬಸ್ಸು ಓಡಿಸಬಹುದು ಎಂಬ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆರೆದೆ.

"ಮೇಡಂ, ತುಸು ತಡೀರಿ," ಎಂದರು ರಶೀದ್. "ಮನ್ಯಾಗ ಇಂವ ಚೊಲೊ ಮಲಗ್ತಾನ್ರಿ. ವಸ್ತಿ ಹೋದಾಗ ನೋಡ್ರಿ ಇವನ ಹಾಲತ್."

ವಸ್ತಿ ಎಂದರೆ ಕೊನೆಯ ಬಸ್ಸು ಹಳ್ಳಿಯಲ್ಲೇ ರಾತ್ರಿ ತಂಗಿ, ಬೆಳಗಿನ ಮೊದಲ ಬಸ್ಸಾಗಿ ಹೊರಡುವುದು. ಇವರದು ವಾರಕ್ಕೆ ಮೂರು ರಾತ್ರಿ ಚಿಂತಾಕಿಯಲ್ಲಿ. ಚಾಲಕ ಬಸ್ಸಿನಲ್ಲೇ ಮಲಗುತ್ತಾರೆ.

"ಮನೆಯಲ್ಲಿ ಮಾತ್ರ ಹೇಗೆ ಚೆನ್ನಾಗಿ ಮಲಗುತ್ತಾರೆ?" ಎಂದು ಮಹಾದೇವಿಯನ್ನು ಕೇಳಿದೆ.

"ನಾ ಅದೀನಲ್ರಿ! ಅಂಗಾತ ಆದ್ರ ಉಸಿರು ಕಟ್ತದ. ಮೊಣಕೈಲೆ ತಿವಿದು ಮಗ್ಗಲಾ ಮಾಡಸ್ತೇನಿ. ಅವತ್ತ ನಿಮ್ಮ ಪೆಟ್ಟಿಗಿ ಕೆಡಬಾರದಂತ ಬೆನ್ನಿಗಿ ಕೌದಿ ಒತ್ತಿಟ್ಟು, ಹೊಳ್ಳಾಕೇ ಬಿಡಲಿಲ್ರಿ."

"ಇಕಿ ಮೊಣಕೈಗಿ ಒಂದು ಔಷಧ ಬರೀರಿ ಮೊದ್ಲ," ಎಂದರು ಕಾಶೀನಾಥ.

"ಬಸ್ಸಿನಾಗ ನಾ ತಿವಿಲಾಕ ಬರಂಗಿಲ್ರಿ," ಎಂದರು ರಶೀದ್. "ಈ ನಮೂನಿ ಗೊರಕಿಗಿ ನಾ ಹೊರಗ ಕಟ್ಟಿ ಮ್ಯಾಲ ಮಲಗ್ತೇನಿ."

ಪತ್ರ ಹರಿದುಹಾಕಿದೆ. ಕಾಶೀನಾಥರ ನಗೆ ನಿಂತಿತು. "ಇನ್ನ ಸ್ಟೇರಿಂಗ್ ಹಿಡಿಲಾಕ ಬಿಡಂಗಿಲ್ಲೇನ್ರಿ?"

"ಕಾರಣ ಸಿಗುವವರೆಗೆ ಇಲ್ಲ," ಎಂದೆ. ತಪ್ಪು ಅವರದಲ್ಲ. ರೋಗಿಗಳು ತುಂಬಲೆಂದು ನಾನೇ ಬರೆದ ನಮೂನೆಯಲ್ಲಿ 'ಮನೆಯಲ್ಲಿ ನಿದ್ರೆ ಹೇಗೆ?' ಎಂಬ ಒಂದೇ ಪ್ರಶ್ನೆಯಿತ್ತು.

ಆ ವಾರ ಬೇರೆ ಚಾಲಕರು ಬಸ್ಸು ಓಡಿಸಿದರು. ಕಾಶೀನಾಥ ಪ್ರಯಾಣಿಕರಾಗಿ ಹೋಗಿ, ಚಿಂತಾಕಿಯಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಬಸ್ಸಿನಲ್ಲೇ ಮಲಗಿದರು. ಉಸಿರು ಮತ್ತೆ ಮತ್ತೆ ನಿಂತದ್ದು ವರದಿಯಲ್ಲಿ ಸ್ಪಷ್ಟವಾಗಿತ್ತು. ಮೂಗಿಗೆ ಗಾಳಿ ಒತ್ತುವ ಯಂತ್ರ ಕೊಟ್ಟೆ. ಅದಕ್ಕೆ ಕರೆಂಟು ಬೇಕು. ಬಸ್ಸು ನಿಲ್ಲುವ ಕಡೆಯ ಹಿಟ್ಟಿನ ಗಿರಣಿಯವರೊಂದಿಗೆ ರಶೀದ್ ಮಾತಾಡಿ, ಅವರ ಪಡಸಾಲೆಯಲ್ಲಿ ಜಾಗವನ್ನೂ ಪ್ಲಗ್ಗನ್ನೂ ಹೊಂದಿಸಿದರು. ಕೆಲವು ವಾರ ಕಾಶೀನಾಥ ಪ್ರಯಾಣಿಕರಾಗಿಯೇ ಹೋಗಿ, ಯಂತ್ರ ಹಾಕಿಕೊಂಡು ಅಲ್ಲಿ ಮಲಗಿದರು.

ಇವತ್ತು, ಮತ್ತೊಂದು ಸೋಮವಾರ, ಮೂವರೂ ಬಂದಿದ್ದರು. ವಸ್ತಿಯ ರಾತ್ರಿಗಳ ದಾಖಲೆಯೂ ಸರಿಯಾಗಿತ್ತು, ಹಗಲಿನ ತೂಕಡಿಕೆಯೂ ಹೋಗಿತ್ತು. ಸಹಿ ಹಾಕುವಾಗ ನನ್ನ ಎದೆಯೇ ಹಗುರಾಯಿತು. ಕಾಶೀನಾಥ ಪತ್ರವನ್ನು ಎರಡು ಸಲ ಓದಿ ಜೇಬಿಗಿಟ್ಟರು.

"ಮೂರು ತಿಂಗಳಿಗೆ ಮತ್ತೆ ತಪಾಸಣೆ," ಎಂದೆ.

"ನೀವು ಇರ್ತೀರಲ್ರಿ? ಮೈಸೂರಿಗಿ ಹೊಳ್ಳಿ ಹೋಗಂಗಿಲ್ಲಲ್ಲ?" ಎಂದರು ಕಾಶೀನಾಥ.

"ಅಲ್ಲಿಯವರೆಗಂತೂ ಇರುತ್ತೇನೆ."

"ಆಮ್ಯಾಲ?"

"ಆಮ್ಯಾಲ ಮತ್ತೊಂದು ತಪಾಸಣಿ ಇರ್ತದ, ನಡೀರಿ," ಎಂದು ಮಹಾದೇವಿ ಗಂಡನನ್ನು ಎಬ್ಬಿಸಿದರು.

ಅವರು ಹೋದ ಮೇಲೆ ನಮೂನೆಯ ಹಳೆಯ ಪ್ರಶ್ನೆ ಹೊಡೆದುಹಾಕಿ, 'ರಾತ್ರಿ ಎಲ್ಲೆಲ್ಲಿ ಮಲಗುತ್ತೀರಿ?' ಎಂದು ಬರೆದೆ. ಹೊಸ ನಮೂನೆಯನ್ನು ಮಾಡಿದವರೇ ಮೊದಲು ತುಂಬಿ ನೋಡಬೇಕೆಂಬುದು ನನ್ನ ಶಿಸ್ತು. ಬೀದರ ಎಂದು ತುಂಬಿದೆ. ಸ್ವಲ್ಪ ಹೊತ್ತು ಬಿಟ್ಟು ಅದರ ಪಕ್ಕದಲ್ಲೇ ಮೈಸೂರು ಎಂದೂ ಸೇರಿಸಿದೆ. ಸಾಲು ಎರಡಕ್ಕೂ ಸಾಕಾಯಿತು. ಸಂಜೆ ಐದೂವರೆಗೆ ಖಾಲಿ ನಮೂನೆಯನ್ನು ಅಚ್ಚಿಗೆ ಕಳಿಸಿದೆ.