ಬೀಗದವರ ಮೂರು ದಿನದ ರಜೆ

ಶುಕ್ರವಾರ ಸರ್ಕಾರಿ ರಜೆ ಬಂತೆಂದರೆ ಊರಿಗೆ ಊರೇ ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ಬೀಗ ರಿಪೇರಿ ಮಾಡುವ ಬೀಗದವರಿಗೆ ಅದು ಹಿಡಿಸುತ್ತಿರಲಿಲ್ಲ. ಜನ ಕೀಲಿಕೈ ಕಳೆದುಕೊಳ್ಳುವುದೇ ಹೊರಡುವ ಗಡಿಬಿಡಿಯಲ್ಲಿ, ಅಂಥ ಹೊತ್ತಿನಲ್ಲಿ ಅಂಗಡಿ ಮುಚ್ಚಿದರೆ ಹೇಗೆ ಎನ್ನುವುದು ಅವರ ವಾದ.

ಅಂಗಡಿ ಎಂದರೆ ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಒಬ್ಬರು ಕೂರಬಹುದು, ಒಬ್ಬರು ನಿಲ್ಲಬಹುದು. ತಲೆ ಎತ್ತಿದರೆ ಮೆಟ್ಟಿಲು ಬಡಿಯುತ್ತದೆ. ಇಪ್ಪತ್ತಾರು ವರ್ಷ ಅದರೊಳಗೆ ಕೂತು ಅವರ ಕತ್ತು ಎಡಕ್ಕೆ ವಾಲಿಯೇ ಹೋಗಿತ್ತು. ನೋಡಿದವರಿಗೆ ಯಾರದೋ ಗುಟ್ಟು ಕೇಳಿಸಿಕೊಳ್ಳುತ್ತಿದ್ದಾರೆ ಅನಿಸಬೇಕು.

ಗುಟ್ಟು ಕೇಳುವ ಜನವಲ್ಲ. ಅವರದೊಂದು ಕಟ್ಟುನಿಟ್ಟಿತ್ತು. ಬೀಗ ಯಾರದೋ ಅವರು ಎದುರಿಗಿರಬೇಕು. ಅವರಿಲ್ಲದೆ ಬೀಗ ಮುಟ್ಟುವುದಿಲ್ಲ, ಕೀಲಿಕೈಗೆ ಜೋಡಿ ಮಾಡಿ ಕೊಡುವುದಿಲ್ಲ. ಗಂಡನ ಕಪಾಟು ತೆಗೆದುಕೊಡಿ ಎಂದು ಹೆಂಡತಿ ಬಂದರೂ ಇಲ್ಲ, ಹೆಂಡತಿಯದು ಎಂದು ಗಂಡ ಬಂದರೂ ಇಲ್ಲ. ಬೀಗ ತೆರೆದುಕೊಂಡ ಕೂಡಲೇ ಬೆನ್ನು ಮಾಡಿ ನಿಲ್ಲುತ್ತಿದ್ದರು. ಒಳಗೇನಿದೆ ನೋಡುತ್ತಿರಲಿಲ್ಲ. "ನಂದು ಬೀಗದ ತನಕ" ಎನ್ನುತ್ತಿದ್ದರು. ಇದಕ್ಕೆ ಗಿರಾಕಿಗಳು ಬೈದು ಹೋದದ್ದುಂಟು. ಹೆಂಡತಿ ಬೈದದ್ದೂ ಉಂಟು.

ಆ ಸಲ ರಜೆಗೆ ಅವರನ್ನು ಹೊರಡಿಸಿದ್ದು ಹೆಂಡತಿಯ ಅಕ್ಕ. ಫೋನಿನಲ್ಲಿ ಅಳುತ್ತಿದ್ದಳು.

ಅಕ್ಕನ ಅತ್ತೆಗೆ ಎಂಬತ್ತು ದಾಟಿತ್ತು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅಂಗಿಗಳಿಗೆ ಗುಂಡಿ ತೂರಿಸುವ ಕಾಜ ಹೊಲಿದವರು. ಮನೆಯವರು, ಬೀದಿಯವರು ಎಲ್ಲರೂ ಕರೆಯುವುದು ಕಾಜಮ್ಮ ಎಂದೇ. ಈಗ ಮರೆವು ಹಿಡಿದಿತ್ತು. ಮಂಚದ ಕೆಳಗೆ ಅವರದೊಂದು ತಗಡಿನ ಪೆಟ್ಟಿಗೆ, ಅದಕ್ಕೊಂದು ಬೀಗ. ಕೀಲಿಕೈಯನ್ನು ಎಲ್ಲೋ ಬಚ್ಚಿಟ್ಟು ಮರೆತಿದ್ದರು. ಸೊಸೆ ಕದ್ದಿದ್ದಾಳೆ, ಪೆಟ್ಟಿಗೆ ಖಾಲಿ ಮಾಡಿದ್ದಾಳೆ ಎಂದು ಎರಡು ತಿಂಗಳಿಂದ ಒಂದೇ ಸಮನೆ ಹೇಳುತ್ತಿದ್ದರು. ಪಕ್ಕದ ಮನೆಯವರಿಗೆ ಹೇಳಿದರು. ಡಾಕ್ಟರಿಗೆ ಹೇಳಿದರು. ಹಾಲಿನವನಿಗೂ ಹೇಳಿದರು.

"ಮೂವತ್ತು ವರ್ಷ ಈ ಮನೇಲಿ ಬಾಳಿದೀನಿ ಕಣೆ. ಈಗ ಹಾಲಿನವನು ಪಾತ್ರೆಗೆ ಹಾಲು ಹಾಕ್ತಾ ನನ್ನ ಮುಖ ನೋಡ್ತಾನೆ. ನಿನ್ನ ಗಂಡನ್ನ ಕರ್ಕೊಂಡು ಬಾ. ಇಲ್ಲಾಂದ್ರೆ ನಾನೇ ಈ ಮನೆ ಬಿಟ್ಟು ಹೊರಡ್ತೀನಿ" ಎಂದಳು ಅಕ್ಕ.

ಬಸ್ಸಿನಲ್ಲಿ ನಾಲ್ಕು ಗಂಟೆ. ಬೀಗದವರ ತೊಡೆಯ ಮೇಲೆ ಸಾಮಾನಿನ ಚೀಲ. ಎದುರಿನ ಸೀಟಿನ ಕಂಬಿಯಲ್ಲಿ ಒಂದು ಸ್ಕ್ರೂ ಸಡಿಲವಿತ್ತು, ಅದನ್ನೂ ಬಿಗಿ ಮಾಡಿದರು.

ಅಕ್ಕನ ಮನೆ ಎರಡನೇ ಮಹಡಿಯಲ್ಲಿ. ಎರಡು ಕೋಣೆ, ಅಡುಗೆಮನೆ, ಬಟ್ಟೆ ಒಣಗಿಸಲು ಒಂದು ಬಾಲ್ಕನಿ. ಅಕ್ಕನ ಗಂಡ, ಅಂದರೆ ಭಾವ, ಬಸ್ ಡಿಪೋದಲ್ಲಿ ಮೇಸ್ತ್ರಿ. ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸ, ಮನೆಯಲ್ಲೂ ಹಾಗೇ ಮಾತಾಡುತ್ತಾನೆ. ಕಾಜಮ್ಮ ಮಂಚದ ಮೇಲೆ ಕೂತೇ ಬಂದವರನ್ನು ನೋಡಿದರು.

"ಬಂದ್ಯಾ? ನೀನೂ ಅವಳ ಕಡೆಯವನೇ."

"ನಾನು ಬೀಗದ ಕಡೆಯವನು ಅಮ್ಮಾ" ಎಂದರು ಬೀಗದವರು. ಆಮೇಲೆ ಮನೆಯ ಬಾಗಿಲು, ಚಿಲಕಗಳನ್ನೆಲ್ಲ ಒಂದೊಂದಾಗಿ ಅಲ್ಲಾಡಿಸಿ ನೋಡುತ್ತಾ ಹೋದರು. ನೆಂಟರ ಮನೆಗೆ ಹೋದರೆ ಅವರು ಮೊದಲು ಮಾತಾಡಿಸುವುದು ಬಾಗಿಲುಗಳನ್ನು. ಪೆನ್ಸಿಲ್ಲಿನ ಸೀಸ ಕೆರೆದು ಪುಡಿ ಮಾಡಿ ಬೀಗದ ತೂತಿಗೆ ಊದುತ್ತಿದ್ದರು. ಎಣ್ಣೆ ಹಾಕಬಾರದು, ಧೂಳು ಕೂರುತ್ತದೆ.

ಮಧ್ಯಾಹ್ನ ಊಟ ಮುಗಿದು ಕಾಜಮ್ಮನಿಗೆ ಜೊಂಪು ಹತ್ತಿತು. ಭಾವ ಲೋಹ ಕೊಯ್ಯುವ ಗರಗಸ ಹಿಡಿದು ಬಂದ.

"ಬನ್ನಿ ಷಡ್ಕರೇ. ನಾನು ಕೊಯ್ದರೆ ಸದ್ದಿಗೆ ಎದ್ದುಬಿಡ್ತಾಳೆ. ನೀವಾದ್ರೆ ಒಂದು ತಂತೀಲಿ ಎರಡು ನಿಮಿಷ. ಒಳಗೆ ಎಲ್ಲಾ ಇದೆ ಅಂತ ತೋರಿಸಿಬಿಡೋಣ."

"ಅವರು ಏಳ್ಲಿ."

"ಎದ್ರೆ ಮುಟ್ಟೋಕೆ ಬಿಡಲ್ಲ."

"ಬಿಡದಿದ್ರೆ ಮುಟ್ಟೋದು ಬೇಡ."

ಭಾವನ ದನಿ ಏರಿತು. "ನಾಲ್ಕು ಗಂಟೆ ಬಸ್ಸಲ್ಲಿ ಕೂತು ಬಂದದ್ದು ನಮ್ಮ ಚಿಲಕಕ್ಕೆ ಪುಡಿ ಊದೋಕಾ? ಬೀಗ ತೆಗೆಯದ ಬೀಗದವರು. ಊರಿಗೆ ಹೋದವರೇ ಬೋರ್ಡು ಬದಲಾಯಿಸಿ."

ಹೆಂಡತಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈ ಒದ್ದೆಯಿತ್ತು.

"ನೀವೂ ನನ್ನ ನಂಬಲ್ವಾ?" ಎಂದಳು.

"ನಾನು ನಂಬಿದ್ರೆ ಏನು ಬಂತು ಅತ್ತಿಗೆ? ಅವರು ನಂಬಬೇಕು. ಅವರು ಮಲಗಿದ್ದಾಗ ತೆಗೆದ್ರೆ, ಎಲ್ಲಾ ಇದ್ರೂ ಒಂದು ಕಮ್ಮಿ ಅಂತಾರೆ. ಸಾಯೋ ತನಕ ಅಂತಾರೆ. ಆಮೇಲೆ ಯಾವ ಬೀಗದವನು ಬಂದ್ರೂ ನಿಮ್ಮ ಹೆಸರು ಸರಿಹೋಗಲ್ಲ."

ಭಾವ ಗರಗಸವನ್ನು ಟೇಬಲ್ ಮೇಲೆ ಕುಕ್ಕಿ ಹೊರಗೆ ಹೋದ. ಹೆಂಡತಿ ಬಟ್ಟೆ ತೆಗೆಯುವ ನೆಪದಲ್ಲಿ ಗಂಡನನ್ನು ಬಾಲ್ಕನಿಗೆ ಕರೆದಳು. "ನಮ್ಮ ಅಕ್ಕನ ಮನೇಲೂ ನಿಮ್ಮ ಕಾಯಿದೆನಾ?" ಎಂದು ಹಲ್ಲು ಕಚ್ಚಿ ಕೇಳಿದಳು. ಅವರು ಬಟ್ಟೆ ಮಡಚಿಕೊಟ್ಟರು.

ಶನಿವಾರ ಬೆಳಿಗ್ಗೆ ಬೀಗದವರು ಟೀ ಲೋಟ ಹಿಡಿದು ಕಾಜಮ್ಮನ ಮಂಚದ ಪಕ್ಕ ನೆಲಕ್ಕೆ ಕೂತರು.

"ಅಮ್ಮಾ, ನಿಮ್ಮ ಬೀಗಕ್ಕೆ ಹೊಸ ಕೀಲಿಕೈ ಬೇಕಾ?"

"ಬೇಡ."

"ಸರಿ."

ಅವರು ಟೀ ಕುಡಿದರು. ಎದ್ದು ಹೋಗಲಿಲ್ಲ. ಚೀಲದಿಂದ ಒಂದು ಗೊಂಚಲು ತೆಗೆದು ಒರೆಸುತ್ತಾ ಕೂತರು. ಕಾಜಮ್ಮ ಕತ್ತು ಚಾಚಿ ನೋಡಿದರು.

"ಅದೇನದು?"

"ಹಲ್ಲಿಲ್ಲದ ಕೀಲಿಕೈ. ಇನ್ನೂ ಕೊರೆದಿಲ್ಲ."

"ನನ್ನ ಹಾಗೆ" ಎಂದು ಕಾಜಮ್ಮ ಬೊಚ್ಚು ಬಾಯಿ ತೆರೆದು ತೋರಿಸಿದರು. "ಇದಕ್ಕೆ ಹಲ್ಲು ಬರಿಸ್ತೀಯಾ?"

"ನೀವು ಜೊತೆಗೆ ಕೂತ್ರೆ ಬರಿಸ್ತೀನಿ. ಬೀಗ ನಿಮ್ಮ ಕೈಯಲ್ಲೇ ಇರ್ಲಿ."

ಕಾಜಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ಪೆಟ್ಟಿಗೆ ಎಳಿ ಎಂದರು.

ಬೀಗ ತೆಗೆಯುವ ಕೆಲಸವೇ ಬೇರೆ, ಕೀಲಿಕೈ ಇಲ್ಲದೆ ಕೀಲಿಕೈ ಮಾಡುವ ಕೆಲಸವೇ ಬೇರೆ. ಕೊರೆಯದ ಕೀಲಿಕೈಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಮಸಿ ಹಿಡಿಸಬೇಕು. ಬೀಗದೊಳಗೆ ಹಾಕಿ ಮೆಲ್ಲಗೆ ಒತ್ತಿ ತಿರುಗಿಸಬೇಕು. ಅದು ತಿರುಗುವುದಿಲ್ಲ. ಆದರೆ ಒಳಗೆ ಎಲ್ಲಿ ತಡೆಯುತ್ತದೋ ಅಲ್ಲಿ ಮಸಿ ಅಳಿಸಿ ಒಂದು ಚುಕ್ಕಿ ಹೊಳೆಯುತ್ತದೆ. ಅಲ್ಲಿ ಮಾತ್ರ ಅರದಿಂದ ಒಂದೆಳೆ ಉಜ್ಜಬೇಕು. ಮತ್ತೆ ಮಸಿ, ಮತ್ತೆ ಬೀಗ, ಮತ್ತೆ ಅರ. ಬೀಗವೇ ತನ್ನ ಕೀಲಿಕೈ ಹೇಗಿತ್ತು ಎಂದು ಹೇಳುವ ತನಕ ಬಿಡಬಾರದು.

ಬೀಗದವರ ಕಣ್ಣು ಮೊದಲಿನಂತಿರಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ತಡಕಾಡುತ್ತಿದ್ದರು.

"ಎಲ್ಲಿ ಕೊಡಿಲ್ಲಿ" ಎಂದು ಕಾಜಮ್ಮ ಕಿತ್ತುಕೊಂಡರು. ಕನ್ನಡಕ ಹಣೆಗೇರಿಸಿ ಬರಿಗಣ್ಣಲ್ಲಿ ನೋಡಿದರು. ಉಗುರಿಟ್ಟು ತೋರಿಸಿದರು. "ಇಲ್ಲಿದೆ. ಸೂಜಿ ಮೊನೆಯಷ್ಟು. ಕುರುಡನಾ ನೀನು?"

ಅಲ್ಲಿಂದ ಮುಂದೆ ಕೆಲಸ ಇಬ್ಬರದಾಯಿತು. ಮೇಣದಬತ್ತಿ ಕಾಜಮ್ಮನ ಕೈಯಲ್ಲಿ, ಅರ ಬೀಗದವರ ಕೈಯಲ್ಲಿ. ನಿನ್ನೆ ತಿಂದದ್ದು ನೆನಪಿಲ್ಲದ ಹೆಂಗಸು ಚುಕ್ಕಿ ಎಲ್ಲಿತ್ತು ಎನ್ನುವುದನ್ನು ಒಂದು ಸಲವೂ ಮರೆಯಲಿಲ್ಲ.

"ಜಾಸ್ತಿ ಉಜ್ಜಬೇಡ. ಕಾಜ ಒಂದೆಳೆ ದೊಡ್ಡದಾದ್ರೆ ಗುಂಡಿ ನಿಲ್ಲಲ್ಲ."

"ಸರಿ ಅಮ್ಮಾ."

"ಸರಿ ಅಂತೀಯ, ಉಜ್ಜುತ್ತಾನೇ ಇದೀಯ."

ಹೇಳಿದಂತೆಯೇ ಆಯಿತು. ಸಂಜೆ ನಾಲ್ಕಕ್ಕೆ ಅರ ಒಂದೆಳೆ ಹೆಚ್ಚು ಓಡಿತು. ಕೀಲಿಕೈ ಕೆಟ್ಟಿತು. ಮೊದಲಿಂದ ಶುರುಮಾಡಬೇಕು. ಕಾಜಮ್ಮನಿಗೆ ಎಲ್ಲಿಲ್ಲದ ಖುಷಿ. "ನಮ್ಮ ಕಾರ್ಖಾನೆ ಆಗಿದ್ರೆ ನಿನ್ನ ಅಂಗಿ ಕಾಲರ್ ಹಿಡಿದು ಆಚೆ ಹಾಕ್ತಿದ್ರು" ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದರು. ಸೊಸೆಯನ್ನೂ ಕರೆದರು. ಅಂದು ಇಡೀ ದಿನ ಕಳ್ಳತನದ ಮಾತು ಅವರ ಬಾಯಲ್ಲಿ ಬರಲಿಲ್ಲ. ಪೇಪರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಭಾವನಿಗೂ ಅದು ಗೊತ್ತಾಯಿತು. ಅವನು ಗರಗಸ ಒಳಗಿಟ್ಟ.

ಹೆಂಡತಿಗೆ ಒಂದು ಅನುಮಾನ ಬಂತು. ಇಪ್ಪತ್ತಾರು ವರ್ಷದಲ್ಲಿ ಈ ಮನುಷ್ಯನ ಅರ ಹೀಗೆ ಜಾರಿದ್ದನ್ನು ಅವಳು ನೋಡಿರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಬೀಗದವರು ಅರ ಕೆಳಗಿಟ್ಟರು. "ಈಗ ನೀವೇ ತಿರುಗಿಸಿ ಅಮ್ಮಾ."

ಕಾಜಮ್ಮ ತಿರುಗಿಸಿದರು. ಬೀಗ ಬಾಯಿಬಿಟ್ಟಿತು.

ಎಲ್ಲರೂ ಬಾಗಿಲಿಗೆ ಮುತ್ತಿಕೊಂಡಿದ್ದರು. ಬೀಗದವರು ಕೈ ಬೀಸಿ ಎಲ್ಲರನ್ನೂ ಆಚೆ ಕಳಿಸಿದರು. ತಾವೂ ಹೊರಟರೆ, ನೀನಿರು ಎಂದರು ಕಾಜಮ್ಮ. ಅವರು ಗೋಡೆಗೆ ಮುಖ ಮಾಡಿ ನಿಂತರು. ಅಡುಗೆಮನೆಯಲ್ಲಿ ಅಕ್ಕ ಒಲೆ ಆರಿಸಿ ಕಟ್ಟೆ ಹಿಡಿದು ನಿಂತಿದ್ದಳು. ಮುಚ್ಚಳ ಎದ್ದ ಸದ್ದಾಯಿತು. ಕಾಗದದ ಸದ್ದು, ಬಟ್ಟೆಯ ಸದ್ದು. ತುಂಬಾ ಹೊತ್ತು ಏನೂ ಇಲ್ಲ. ಮತ್ತೆ ಮುಚ್ಚಳ.

"ಎಲ್ಲಾ ಇದೆ" ಎಂದರು ಕಾಜಮ್ಮ. ಆಮೇಲೆ ಜೋರಾಗಿ, "ಏ ಸೊಸೆ, ಬಾ ಇಲ್ಲಿ. ಎಲ್ಲಾ ಇದೆ. ನೀನು ಮುಟ್ಟಿಲ್ಲ."

"ಗೊತ್ತು" ಎಂದಳು ಅಕ್ಕ.

"ಹಾಲಿನವನಿಗೆ ನಾನೇ ಹೇಳ್ತೀನಿ."

"ನಾನು ನೆನಪು ಮಾಡ್ತೀನಿ ಬಿಡಿ" ಎಂದು ಅಕ್ಕ ಒಲೆ ಹಚ್ಚಲು ಹೋದಳು.

ಹೊರಡುವ ಮುಂಚೆ ಕಾಜಮ್ಮ ಬೀಗದವರನ್ನು ಮತ್ತೆ ಕೂರಿಸಿದರು. "ನಾನು ಮತ್ತೆ ಮರೀತೀನಿ. ಇನ್ನೊಂದು ಮಾಡು. ಮಾಡಿ ನೀನೇ ಇಟ್ಕೋ."

"ಬೇರೆಯವರ ಕೀಲಿಕೈ ನಾನು ಇಟ್ಕೊಳಲ್ಲ ಅಮ್ಮಾ."

"ನಾನು ಎದುರಿಗೆ ಇಲ್ವಾ? ನಾನೇ ಹೇಳ್ತಿಲ್ವಾ? ಇನ್ನೇನು ಬೇಕು ನಿಂಗೆ?"

ಬೀಗದವರು ತಮ್ಮ ಕಾಯಿದೆಗೇ ಸಿಕ್ಕಿಬಿದ್ದರು. ಭಾವ ಬಿದ್ದುಬಿದ್ದು ನಕ್ಕ. ಜೋಡಿ ಮಾಡಲು ಹತ್ತು ನಿಮಿಷ ಸಾಕಾಯಿತು. ಅದರ ತಲೆಯ ತೂತಿಗೆ ಕಾಜಮ್ಮ ನೀಲಿ ದಾರದಲ್ಲಿ ಒತ್ತೊತ್ತಾಗಿ ಕಾಜದ ಹೊಲಿಗೆ ಹಾಕಿಕೊಟ್ಟರು. ಗುರುತಿಗೆ. ಬೀಗದವರು ಅದನ್ನು ಸೊಂಟದ ಗೊಂಚಲಿಗೆ, ಮನೆಯದು ಅಂಗಡಿಯದರ ಪಕ್ಕ, ಸೇರಿಸಿಕೊಂಡರು.

ಬಸ್ಸಿನಲ್ಲಿ ಹೆಂಡತಿ ಕೇಳಿದಳು. "ನಿನ್ನೆ ಬೇಕಂತಲೇ ಕೆಡಿಸಿದ್ರಾ?"

ಅವರು ಕಿಟಕಿಯಾಚೆ ನೋಡಿದರು.

"ಹೋಗ್ಲಿ, ಪೆಟ್ಟಿಗೇಲಿ ಏನಿತ್ತು?"

"ನೋಡಿಲ್ಲ."

"ಒಂಚೂರೂ?"

"ಗೋಡೇಲಿ ಕ್ಯಾಲೆಂಡರ್ ಇತ್ತು. ಅದನ್ನ ನೋಡಿದೆ. ನಾಲ್ಕು ತಿಂಗಳಿಗೆ ಮತ್ತೆ ಮೂರು ದಿನ ರಜೆ ಸಿಗುತ್ತೆ. ಬರೋಣ."

ಆ ರಜೆ ಅವರಿಗೆ ಸಿಗಲಿಲ್ಲ. ಮೂರನೇ ತಿಂಗಳಲ್ಲಿ, ಅಂಗಡಿಯಲ್ಲಿ, ಕೂತಲ್ಲೇ ಹೋದರು. ಕೈಯಲ್ಲಿ ಅರ ಇತ್ತು. ಎದುರಿಗೆ ಬೀಗದ ಯಜಮಾನ ನಿಂತಿದ್ದ. ಕತ್ತು ವಾಲಿದ್ದನ್ನು ನೋಡಿ, ತನ್ನ ಮಾತು ಕೇಳುತ್ತಿದ್ದಾರೆ ಅಂದುಕೊಂಡು ಅವನು ಇನ್ನೂ ಮಾತಾಡುತ್ತಲೇ ಇದ್ದನಂತೆ.

ಆಸ್ಪತ್ರೆಯವರು ಗೊಂಚಲನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟರು. ಮನೆಯದು, ಅಂಗಡಿಯದು, ನೀಲಿ ದಾರದ್ದು.

ಕ್ಯಾಲೆಂಡರಿನ ರಜೆ ಬಂತು. ಅದಕ್ಕೆ ಮುಂಚೆ ಅಕ್ಕನ ಫೋನ್ ಬಂತು. "ನಿನ್ನ ಹತ್ರ ಹೇಳಬಾರದು. ಆದ್ರೂ ಹೇಳ್ತೀನಿ. ಕೀಲಿಕೈ ಮತ್ತೆ ಎಲ್ಲೋ ಹಾಕಿದ್ದಾರೆ. ನಾನು ಮತ್ತೆ ಕಳ್ಳಿ ಆಗಿದೀನಿ."

ಹೆಂಡತಿ ಒಬ್ಬಳೇ ಬಸ್ಸು ಹತ್ತಿದಳು. ಪಕ್ಕದ ಸೀಟಿಗೆ ಯಾರೋ ಬಂದು ಕೂತರು. ಅವರ ಮುಖ ನೋಡಲಿಲ್ಲ.

ಮನೆ ಸೇರಿದಾಗ ಮಧ್ಯಾಹ್ನ. ಕಾಜಮ್ಮ ಮಲಗಿದ್ದರು. ಭಾವ ಅಷ್ಟು ಮೆತ್ತಗೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

"ಕೀಲಿಕೈ ತಂದಿದೀಯಲ್ಲಮ್ಮಾ. ಮಲಗಿದ್ದಾಳೆ. ಒಂದು ಸಲ ತೆಗೆದು ನೋಡಿ, ಹಾಗೇ ಮುಚ್ಚಿಡೋಣ."

"ಏಳ್ಲಿ ಭಾವ."

"ಅವರ ಹಟ ನಿಂಗೂ ಬಂತು."

"ಬರ್ಲಿ" ಎಂದಳು. ಮಂಚದ ಪಕ್ಕ, ಗಂಡ ಕೂತಿದ್ದ ಜಾಗದಲ್ಲಿ ನೆಲಕ್ಕೆ ಕೂತಳು. ಟೀ ಬಂತು, ಆರಿತು.

ನಾಲ್ಕಕ್ಕೆ ಕಾಜಮ್ಮ ಕಣ್ಣುಬಿಟ್ಟರು. ಅವಳ ಗುರುತು ಹತ್ತಲಿಲ್ಲ. ಅವಳು ಕೀಲಿಕೈಯನ್ನು ಅವರ ಅಂಗೈಗಿಟ್ಟಳು. ಕಾಜಮ್ಮ ಲೋಹ ನೋಡಲಿಲ್ಲ, ದಾರ ನೋಡಿದರು. ಹೊಲಿಗೆಯ ಮೇಲೆ ಉಗುರಾಡಿಸಿದರು.

"ಇದು ನನ್ನ ಕೈಕೆಲಸ. ಬೀಗದವನ ಹತ್ರ ಇತ್ತು. ಅವನೆಲ್ಲಿ?"

"ತೀರಿಕೊಂಡರು ಅಮ್ಮಾ. ಹೋದ ತಿಂಗಳು."

ಕಾಜಮ್ಮ ದಾರವನ್ನೇ ಸವರುತ್ತಾ ಕೂತರು. ಆಮೇಲೆ ಕಾಲು ಕೆಳಗಿಟ್ಟು ಪೆಟ್ಟಿಗೆಯ ಕಡೆ ಬಗ್ಗಿದರು.

"ಅವನು ಆ ಕಡೆ ತಿರುಗಿ ನಿಂತಿದ್ದ. ನೀನೂ ತಿರುಗು."

ಅವಳು ಗೋಡೆಗೆ ಮುಖ ಮಾಡಿದಳು. ಕ್ಯಾಲೆಂಡರ್ ಅಲ್ಲೇ ಇತ್ತು. ಬೆನ್ನ ಹಿಂದೆ ಬೀಗ ಒಂದೇ ಸುತ್ತಿಗೆ, ತಡೆಯದೆ, ತೆರೆದುಕೊಂಡಿತು. ಮುಚ್ಚಳ ಎದ್ದಿತು. ಕಾಗದ, ಬಟ್ಟೆ. ಮುಚ್ಚಳ ಕೂತಿತು.

"ಎಲ್ಲಾ ಇದೆ" ಎಂದರು ಕಾಜಮ್ಮ. "ಸೊಸೇನ ಕರಿ."

ಅವಳು ಗೋಡೆ ನೋಡಿಕೊಂಡೇ ಅಕ್ಕನನ್ನು ಕೂಗಿದಳು.