ಗುಲಾಬಿ ನೀರಿನ ಕಡ್ಡಿ

ಸ್ಕೂಟರಿನ ಹಿಂದೆ ಐಸ್ ಡಬ್ಬ ಕಟ್ಟಿಕೊಂಡು ಹೋಗುವವರನ್ನು ಕಂಡರೆ ಭಾಗಮಂಡಲದ ಕಡೆಯ ರಸ್ತೆಯಲ್ಲಿ ಜನರಿಗೆ ಮೊದಲು ನೆನಪಾಗುವುದು ಮೀನು. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನನ್ನು ಕೈ ಅಡ್ಡ ಹಿಡಿದು ನಿಲ್ಲಿಸಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, "ಮತ್ತಿ ಮೀನು ಉಂಟಾ?" ಇಲ್ಲ, ಇದರಲ್ಲಿರುವುದು ಮಕ್ಕಳ ಸಿಂಬಳ ಎಂದು ನಾನು ನಿಜ ಹೇಳಿದರೆ, ಮುಖ ಗಂಟಿಕ್ಕಿಕೊಂಡು ಹೊರಟುಬಿಡುತ್ತಿದ್ದರು.

ಐದು ವರ್ಷದೊಳಗಿನ ಮಕ್ಕಳಿಗೆ ನೆಗಡಿ, ಕೆಮ್ಮು ಯಾವ ಯಾವ ವೈರಸ್ಸಿನಿಂದ ಬರುತ್ತದೆ ಎಂದು ತಿಳಿಯಲು ಒಂದು ಅಧ್ಯಯನ ನಡೆಯುತ್ತಿತ್ತು. ಹೆಸರು ಬರೆಸಿದ ಮನೆಯಲ್ಲಿ ಮಗುವಿಗೆ ಶೀತವಾದರೆ ತಾಯಿ ನನಗೆ ಫೋನ್ ಮಾಡಬೇಕು. ನಾನು ಹೋಗಿ, ತುದಿಗೆ ಹತ್ತಿಯಂಥದ್ದು ಸುತ್ತಿದ ತೆಳ್ಳನೆಯ ಕಡ್ಡಿಯನ್ನು ಮಗುವಿನ ಮೂಗಿನೊಳಗೆ ತಿರುಗಿಸಿ, ಗುಲಾಬಿ ಬಣ್ಣದ ನೀರಿರುವ ಪುಟ್ಟ ಕೊಳವೆಯೊಳಗೆ ಮುರಿದು ಹಾಕಿ, ಐಸಿನಲ್ಲಿಟ್ಟು ಮಡಿಕೇರಿಯ ಆಫೀಸಿಗೆ ಮುಟ್ಟಿಸಬೇಕು. ಅಲ್ಲಿಂದ ಅದು ಎಲ್ಲಿಗೆ ಪ್ರಯಾಣ ಬೆಳೆಸುತ್ತದೋ ನನಗೂ ಗೊತ್ತಿರಲಿಲ್ಲ. ಅದರ ಫಲಿತಾಂಶ ಆ ಮನೆಗೆ ಮಾತ್ರ ಬರುವುದಿಲ್ಲ ಎನ್ನುವುದು ಗೊತ್ತಿತ್ತು.

ಕಡ್ಡಿಗೆ ಮುಂಚೆ ಫಾರಂ. ಮನೆಗೆ ಎಷ್ಟು ಕಿಟಕಿ, ಒಲೆ ಒಳಗೋ ಹೊರಗೋ, ನಾಯಿ ಎಲ್ಲಿ ಮಲಗುತ್ತದೆ, ಎಲ್ಲವನ್ನೂ ಬರೆಯಬೇಕು. ಒಬ್ಬ ಅಜ್ಜ ಜಗಲಿಯಿಂದಲೇ, "ನಾಯಿ ಎಲ್ಲಿ ಮಲಗ್ತದೆ ಅಂತ ನಾವೆಂತ ನೋಡ್ಲಿಕ್ಕೆ ಹೋಗ್ತೇವಾ? ಅಲ್ಲೇ ಉಂಟು, ಅದನ್ನೇ ಕೇಳಿ," ಅಂದ. ನಾನು 'ಅನ್ವಯಿಸುವುದಿಲ್ಲ' ಎಂದು ಬರೆದೆ. ಆಫೀಸಿನವರು ಅದನ್ನು ತಪ್ಪೆಂದು ವಾಪಸು ಕಳಿಸಿದರು. ನಾಯಿ ಇದ್ದ ಮೇಲೆ ಅದು ಎಲ್ಲಾದರೂ ಮಲಗಲೇಬೇಕಂತೆ.

ನಾನು ಕುಶಾಲನಗರದ ಬಯಲಿನ ಕಡೆಯವಳು. ನಮ್ಮ ಅಜ್ಜನ ಕಾಲದಲ್ಲಿ ಹಾಸನದಿಂದ ಬಂದು ನೆಲೆಸಿದವರು. ಅರೆಭಾಷೆ ಮಾತಾಡುವ ಈ ಬೆಟ್ಟದ ಮನೆಗಳಲ್ಲಿ ನನ್ನ ಕನ್ನಡ ಕೇಳಿದ ಕೂಡಲೇ ಕುರ್ಚಿ ಬರುತ್ತಿತ್ತು, ಬೆಲ್ಲದ ಕಾಪಿ ಬರುತ್ತಿತ್ತು, ಮಗು ಮಾತ್ರ ಬರುತ್ತಿರಲಿಲ್ಲ. ಕೊರೊನಾದ ದಿನಗಳಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರ ಗೇಟಿಗೆ ಟೇಪು ಕಟ್ಟಿದ್ದನ್ನು ಯಾರೂ ಮರೆತಿರಲಿಲ್ಲ. ಒಪ್ಪಿದ ಮನೆಯಲ್ಲೂ ಬೇರೆ ಪೇಚಾಟ. ಹೊರಗಿನವರು ಬರುತ್ತಾರೆಂದರೆ ಮಗುವಿಗೆ ಬಿಸಿನೀರಿನಲ್ಲಿ ಮುಖ ತೊಳೆಸಿ, ಮೂಗು ಸೀಟಿಸಿ ಸ್ವಚ್ಛ ಮಾಡಿ, ಪೌಡರ್ ಬಳಿದು, ಕಾಡಿಗೆ ಇಟ್ಟು ಕೂರಿಸಿರುತ್ತಿದ್ದರು. ನನಗೆ ಬೇಕಾದದ್ದು ಬಚ್ಚಲಿನಲ್ಲಿ ಹರಿದುಹೋಗಿರುತ್ತಿತ್ತು. ಆಮೇಲೆ ಅದು ಇನ್ನೊಮ್ಮೆ ಇಳಿಯುವವರೆಗೆ ಮನೆಮಂದಿಯೆಲ್ಲ ಮಗುವಿನ ಮೂಗನ್ನೇ ದಿಟ್ಟಿಸುತ್ತಾ ಕೂರುವುದು. ಅಷ್ಟು ಭಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎರಡನೇ ತಿಂಗಳಿಗೆ ನನ್ನ ಅದೃಷ್ಟ ಖುಲಾಯಿಸಿತು. ಒಂದು ಮನೆಯಲ್ಲಿ ಕಡ್ಡಿ ತಿರುಗಿಸಿದ್ದೇ ತಡ, ಮೂರು ವರ್ಷದ ಹುಡುಗ ಸಾಲಾಗಿ ಸೀನಿ, ಮೂಗು ಬಿಟ್ಟುಕೊಂಡು, ಮಧ್ಯಾಹ್ನ ಪೂರ್ತಿ ಹಾಯಾಗಿ ನಿದ್ದೆ ಮಾಡಿದನಂತೆ. ಅವನ ಅಜ್ಜಿ ಕೊಳವೆಯಲ್ಲಿದ್ದ ಗುಲಾಬಿ ನೀರನ್ನು ಕಣ್ಣಾರೆ ಕಂಡಿದ್ದಳು. ಆಸ್ಪತ್ರೆಯಲ್ಲಿ ಮಕ್ಕಳಿಗೆ ಕೊಡುವ ಸಿರಪ್ಪಿನ ಬಣ್ಣವೂ ಅದೇ ತಾನೇ! "ಕಡ್ಡಿಲಿ ಮದ್ದ್ ಉಟ್ಟು," ಎಂದು ಅವಳು ನೆರೆಮನೆಗೆ ಹೇಳಿದಳು. ಮದ್ದು ಇದೆ ಎನ್ನುವ ಆ ಸುದ್ದಿ ಕಾಫಿ ಕೊಯ್ಯುವವರ ಜೊತೆ ತೋಟದಿಂದ ತೋಟಕ್ಕೆ ಹೋಯಿತು. ಮುಂದಿನ ವಾರದಿಂದ ನನ್ನ ಫೋನಿಗೆ ಬಿಡುವಿಲ್ಲ. ಒಬ್ಬ ಮುದುಕರಂತೂ ನನಗೂ ಒಂದು ಕಡ್ಡಿ ಹಾಕಿ ಹೋಗಿ ಎಂದು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಹಾಕಿ ಕೂತೇಬಿಟ್ಟರು.

ಮೊದಮೊದಲು ನಾನು, "ಇದು ಮದ್ದಲ್ಲ, ಪರೀಕ್ಷೆಗೆ," ಅನ್ನುತ್ತಿದ್ದೆ. ಆಗ ಮುಖಗಳು ಸಪ್ಪಗಾಗುತ್ತಿದ್ದವು, ಮಗು ಮತ್ತೆ ಒಳಕೋಣೆ ಸೇರುತ್ತಿತ್ತು. ಬರಬರುತ್ತಾ ಹೇಳುವ ದನಿ ತಗ್ಗಿತು. ಕೊನೆಗೆ ಹೇಳುವುದನ್ನೇ ಬಿಟ್ಟೆ. ಸುಳ್ಳನ್ನೇನೂ ಹೇಳಲಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಒಪ್ಪಿಗೆ ಪತ್ರದಲ್ಲಿ ಎಲ್ಲವೂ ಅಚ್ಚಾಗಿತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಉಸಿರಾಟ ಜೋರಾದರೆ ಕೂಡಲೇ ಆಸ್ಪತ್ರೆಗೆ ಹೋಗಿ ಎನ್ನುವ ಸಾಲೂ ಅದರ ಬೆನ್ನಿಗಿತ್ತು. ನಾನು ಅದನ್ನು ಮಂತ್ರ ಹೇಳುವ ವೇಗದಲ್ಲಿ ಓದಿ, ಸಹಿ ಮಾಡುವ ಜಾಗದ ಮೇಲೆ ಬೆರಳಿಡುತ್ತಿದ್ದೆ.

ಆಫೀಸಿನಲ್ಲಿ ನನಗೆ ರಾಜಮರ್ಯಾದೆ. ತಿಂಗಳ ಮೀಟಿಂಗಿನಲ್ಲಿ ಸೂಪರ್‌ವೈಸರ್ ನನ್ನನ್ನು ಎದ್ದು ನಿಲ್ಲಿಸಿ, ಜನರ ವಿಶ್ವಾಸ ಗಳಿಸುವುದು ಹೇಗೆಂದು ಉಳಿದವರಿಗೆ ಹೇಳಲು ಕೇಳಿದರು. "ನಗುಮುಖದಿಂದ ಮಾತಾಡಬೇಕು ಸರ್," ಅಂದೆ. ಎಲ್ಲರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಜನವರಿ ತಿಂಗಳ ಒಂದು ಸೋಮವಾರ ಒಂದೂವರೆ ವರ್ಷದ ಒಂದು ಹೆಣ್ಣು ಮಗುವಿಗೆ ಕಡ್ಡಿ ಹಾಕಿ ಬಂದೆ. ಜ್ವರ ಇತ್ತು, ಕೆಮ್ಮು ಇತ್ತು, ಕೈಗೆ ಸಿಕ್ಕಿದ ನನ್ನ ಗುರುತಿನ ಚೀಟಿಯನ್ನು ಎಳೆಯುವಷ್ಟು ಚುರುಕೂ ಇತ್ತು. ತಾಯಿ ಸಣ್ಣ ವಯಸ್ಸಿನವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಗಂಡ ತೋಟದಲ್ಲಿ ಕೊಯ್ಲಿನ ಮೇಲಿದ್ದ. "ಇನ್ನು ಹೆದ್ರಿಕೆ ಇಲ್ಲ ಅಲ್ವಾ ಅಕ್ಕ?" ಅಂದಳು. "ಏನೂ ಆಗಲ್ಲ," ಅಂದುಬಿಟ್ಟೆ. ಹೊರಡುವ ಅವಸರದಲ್ಲಿ ಎಲ್ಲರಿಗೂ ಹೇಳುವ ಮಾತು ಅದು.

ಬುಧವಾರ ಅವಳ ಪಕ್ಕದ ಮನೆಗೆ ಹೋಗಬೇಕಾಗಿತ್ತು. ದಾರಿಯಲ್ಲೇ ಇದ್ದಾಳಲ್ಲ ಎಂದು ಸುಮ್ಮನೆ ಇಣುಕಿದೆ. ಮಗು ತಾಯಿಯ ಹೆಗಲ ಮೇಲಿತ್ತು. ಅಳುತ್ತಿರಲಿಲ್ಲ, ಅಳುವ ತ್ರಾಣವಿರಲಿಲ್ಲ. ಅಂಗಿ ಎತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು.

"ಯಾವಾಗಿಂದ ಹೀಗೆ?"

"ನಿನ್ನೆ ಮಧ್ಯಾಹ್ನದಿಂದ. ಅತ್ತೆ ಆಸ್ಪತ್ರೆಗೆ ಹೋಗುವ ಅಂದ್ರು. ನಾನೇ ಬೇಡ ಅಂದೆ. ನೀವು ಮದ್ದು ಹಾಕಿದ್ರಲ್ಲ ಅಕ್ಕ. ಇಳಿಲಿಕ್ಕೆ ಒಂದೆರಡು ದಿನ ಬೇಕಾಗ್ತದೆ ಅಂತ ಕಾದೆ."

ಪಕ್ಕದ ತೋಟದ ಜೀಪು ಸಿಕ್ಕಿತು. ಮಡಿಕೇರಿಯವರೆಗಿನ ಒಂದೊಂದು ತಿರುವಿನಲ್ಲೂ ನಾನು ಮಗುವಿನ ಎದೆಯನ್ನೇ ನೋಡುತ್ತಿದ್ದೆ. ಮೂಗಿನಿಂದ ಮಾದರಿ ತೆಗೆಯಲು ನನಗೆ ಎರಡು ದಿನ ತರಬೇತಿ ಕೊಟ್ಟಿದ್ದರು. ಮೂಗಿನಲ್ಲಿ ಉಸಿರು ಆಡದಿದ್ದರೆ ಏನು ಮಾಡಬೇಕೆಂದು ಹೇಳಿದ್ದು ಒಂದೇ ಒಂದು ಮಾತು, ಆಸ್ಪತ್ರೆಗೆ ಕಳಿಸಿ ಎಂದು. ನಾನು ತಾಯಂದಿರಿಗೆ ಮುಟ್ಟಿಸದೆ ಉಳಿಸಿಕೊಂಡದ್ದು ಅದೊಂದೇ ಮಾತನ್ನು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದರು. ಒಂದು ಗಂಟೆ ಕಳೆದ ಮೇಲೆ ಉಸಿರು ಸ್ವಲ್ಪ ಹದಕ್ಕೆ ಬಂತು, ತುಟಿಗೆ ಬಣ್ಣ ಮರಳಿತು. ಇನ್ನರ್ಧ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರ್ ಹೇಳಿದರು. ಆಮೇಲೆ ತಾಯಿಯ ಕಡೆ ತಿರುಗಿದರು.

"ನಿನ್ನೆಯಿಂದ ಏನು ಮಾಡ್ತಾ ಕೂತಿದ್ರಿ? ಏನು ಔಷಧಿ ಕೊಟ್ರಿ?"

ಅವಳು ನನ್ನ ಕಡೆ ನೋಡಿದಳು. ನಾನು ತಲೆ ಎತ್ತಲಿಲ್ಲ. ಆ ಗಳಿಗೆಯಲ್ಲೇ ಅವಳಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ.

"ಮನೆ ಮದ್ದು ಡಾಕ್ಟ್ರೇ," ಅಂದಳು. "ಕರಿಮೆಣಸು, ಜೇನು. ನಂಗೆ ಗೊತ್ತಾಗ್ಲಿಲ್ಲ."

ಡಾಕ್ಟರ್ ಬೈದರು. ಓದು ಬರಹ ಕಲಿತವರೇ ಹೀಗೆ ಮಾಡಿದರೆ ಹೇಗೆ ಎಂದರು. ನನ್ನ ಕೊರಳಿನ ಗುರುತಿನ ಚೀಟಿ ಕಣ್ಣಿಗೆ ಬಿದ್ದ ಮೇಲೆ ದನಿ ಮೆತ್ತಗಾಯಿತು. "ನೀವು ಮನೆಮನೆಗೆ ಹೋಗುವವರು. ಇಂಥವರಿಗೆ ಸ್ವಲ್ಪ ತಿಳುವಳಿಕೆ ಹೇಳಿ."

"ಹೇಳ್ತೀನಿ ಸರ್," ಅಂದೆ.

ಅವರು ಹೋದ ಮೇಲೆ ಬೆಂಚಿನಲ್ಲಿ ಅವಳ ಪಕ್ಕ ಕೂತು, ಅದು ಮದ್ದಲ್ಲ, ಪರೀಕ್ಷೆಗೆ ತೆಗೆದದ್ದು, ಮೊದಲೇ ಬಿಡಿಸಿ ಹೇಳಬೇಕಿತ್ತು, ತಪ್ಪು ನನ್ನದೇ ಎಂದೆ. ಹೇಳುವಾಗ ನನಗೆ ಅಳು ಬಂತು. ಅವಳಿಗೆ ಬರಲಿಲ್ಲ. ಮಗುವಿನ ಕಾಲುಚೀಲವನ್ನು ಮಡಿಲಲ್ಲಿಟ್ಟು ಮಡಚುತ್ತಾ ಕೇಳಿಸಿಕೊಂಡಳು.

"ಗೊತ್ತಾಯ್ತು ಅಕ್ಕ. ಆದ್ರೆ ಡಾಕ್ಟ್ರ ಹತ್ರ ಹೇಳ್ಬೇಡಿ, ನಿಮ್ಮ ಕೆಲಸ ಹೋಗ್ತದೆ. ಬೈಸಿಕೊಳ್ಳುದು ನಾನು ಬೈಸಿಕೊಂಡಾಯ್ತಲ್ಲ."

ನಾನು ಹೇಳಲಿಲ್ಲ.