ಬಾಯಿ ಬಿಡಬಾರದ ಕೆಲಸ

ಆ ವರ್ಷ ನನಗೆ ಸಿಕ್ಕಿದ್ದು ಸುಮ್ಮನೆ ಕೂರುವ ಕೆಲಸ. ಸಕ್ಕರೆ ಕಾಯಿಲೆಯವರಿಗೆ ಯಾವ ಮಾತ್ರೆ, ಎಷ್ಟು ಎಂದು ವೈದ್ಯರಿಗೆ ಸಲಹೆ ಕೊಡುವ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಮಣಿಪಾಲದ ನಮ್ಮ ತಂಡ ಪರೀಕ್ಷಿಸುತ್ತಿತ್ತು. ಕಾಪುವಿನ ಸಣ್ಣ ಕ್ಲಿನಿಕ್ಕಿನಲ್ಲಿ ವೈದ್ಯರ ಹಿಂದೆ ಸ್ಟೂಲು ಹಾಕಿಕೊಂಡು, ಅವರು ಆ ಸಲಹೆಯನ್ನು ಒಪ್ಪಿದರೋ ಬಿಟ್ಟರೋ ಎಂದು ನಾನು ಗುರುತು ಹಾಕಬೇಕು. ನಡುವೆ ಬಾಯಿ ಹಾಕುವಂತಿಲ್ಲ. ಊಟ ಮಾಡುವಾಗಲೂ ಸುಮ್ಮನಿರಲಾರದ ನನಗೆ ಇದನ್ನು ವಹಿಸಿದ ಪ್ರೊಫೆಸರ್ ಮೇಡಂ ಧೈರ್ಯವಂತೆಯೇ ಸರಿ.

ವೈದ್ಯರು ಅರವತ್ತು ದಾಟಿದವರು. ಕಂಪ್ಯೂಟರನ್ನು ಮನೆಗೆ ಬಂದ ಹೊಸ ಅಳಿಯನಂತೆ ಕಾಣುತ್ತಿದ್ದರು: ಮರ್ಯಾದೆ ಕೊಡುತ್ತಿದ್ದರು, ನಂಬುತ್ತಿರಲಿಲ್ಲ.

ಒಂದು ಬೆಳಿಗ್ಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುವ, ಕ್ಲಿನಿಕ್ಕಿಗೆ ಆಗಾಗ ಬರುತ್ತಿದ್ದ ಬ್ಯಾರಿ ಸಮುದಾಯದ ಹೆಂಗಸು ಬಂದರು. ಸಕ್ಕರೆ ಏರಿತ್ತು.

"ಮದುವೆ ಸೀಸನ್ ಅಲ್ವಾ ಡಾಕ್ಟ್ರೇ, ಹೋದಲ್ಲೆಲ್ಲ ಬಿರಿಯಾನಿ. ನಾನು ಎಂತ ಮಾಡುವುದು?"

"ಮಾತ್ರೆ ಡಬಲ್ ಮಾಡುವ," ಎಂದು ವೈದ್ಯರು ನಗುತ್ತಾ ಚೀಟಿ ಬರೆದುಕೊಟ್ಟರು.

ಪರದೆಯ ಕೆಳತುದಿಯಲ್ಲಿ ಒಂದು ಕೆಂಪು ಸಾಲು ಮೂಡಿತ್ತು: ಕಿಡ್ನಿಯ ಹೊಸ ವರದಿ ಚೆನ್ನಾಗಿಲ್ಲ, ಈ ಮಾತ್ರೆ ಹೆಚ್ಚಿಸಬೇಡಿ. ವೈದ್ಯರು ನೋಡಿರಲಿಲ್ಲ. 'ಬಿಟ್ಟರು' ಎಂಬಲ್ಲಿ ಗುರುತು ಹಾಕಿದೆ. ಆಕೆ ಚೀಟಿ ಮಡಚಿ ಪರ್ಸಿಗೆ ಹಾಕಿ ಎದ್ದೇಬಿಟ್ಟರು. ನಾನು ಪೆನ್ನು ಕೆಳಗಿಟ್ಟೆ.

"ಸರ್, ಕೆಳಗೆ ಒಮ್ಮೆ ನೋಡಿ."

ವೈದ್ಯರು ಮೊದಲು ನನ್ನನ್ನು ನೋಡಿದರು, ಆಮೇಲೆ ಪರದೆಯನ್ನು. "ಈ ರಿಪೋರ್ಟ್ ಯಾವಾಗ ಬಂತು?"

"ಮೊನ್ನೆ, ಸರ್."

ಚೀಟಿ ವಾಪಸು ಪಡೆದು, ಹರಿದು, ಬೇರೆ ಬರೆದರು. ಕಿಡ್ನಿ ತಜ್ಞರಿಗೂ ಒಂದು ಪತ್ರ ಕೊಟ್ಟರು. ಆಕೆ ನನ್ನತ್ತ ತಿರುಗಿ, "ನಿಮಗೆ ಮಾತು ಬರ್ತದಾ? ನಾನು ಇಷ್ಟು ದಿನ ಮೂಗಿ ಅಂತ ಗ್ರಹಿಸಿದ್ದೆ ಮಾರಾಯ್ತಿ!" ಎಂದರು. ವೈದ್ಯರೂ ನಕ್ಕರು.

ಸಂಜೆ ಮಣಿಪಾಲಕ್ಕೆ ಹೋಗಿ ವಿಷಯ ಹೇಳಿದಾಗ ಮೇಡಂ ನಗಲಿಲ್ಲ. "ನೀನು ಹೇಳಿಕೊಟ್ಟ ಮೇಲೆ ಅದು ಕಂಪ್ಯೂಟರಿನ ಪರೀಕ್ಷೆ ಅಲ್ಲ. ಆ ಕೇಸ್ ಲೆಕ್ಕದಿಂದ ಬಿಡಬೇಕು." ನನ್ನ ಹಾಳೆಯ ಆ ಸಾಲನ್ನು ಹೊಡೆದುಹಾಕಿ, "ನಾನಿದ್ದರೂ ಹೇಳುತ್ತಿದ್ದೆ, ಬಿಡು," ಎಂದರು.

ವರದಿಯಲ್ಲಿ ನಾವು ಬರೆದೆವು: ಸಲಹೆ ಸರಿಯಾಗಿದೆ, ಆದರೆ ಯಾರೂ ನೋಡದ ಜಾಗದಲ್ಲಿದೆ. ಅಂಗಡಿಯ ಹೆಂಗಸಿನ ಕಿಡ್ನಿಗೆ ಸಕಾಲಕ್ಕೆ ಚಿಕಿತ್ಸೆ ಸಿಕ್ಕಿತು. ಕಾರ್ಕಳದ ಕ್ಲಿನಿಕ್ಕಿನಲ್ಲಿ ಮುಂದಿನ ಪರೀಕ್ಷೆ ಶುರುಮಾಡುವಷ್ಟರಲ್ಲಿ ಎಚ್ಚರಿಕೆ ಪರದೆಯ ನಡುವಿಗೆ ಬಂದಿತ್ತು. 'ಓದಿದೆ' ಎಂದು ಒತ್ತದೆ ಮುಂದೆ ಹೋಗುವಂತಿರಲಿಲ್ಲ. ಅಲ್ಲಿನ ಯುವ ವೈದ್ಯೆ ಎರಡೇ ವಾರದಲ್ಲಿ ಓದದೆ ಒತ್ತುವುದನ್ನು ಕಲಿತರು. ಅದನ್ನೂ ಬರೆದುಕೊಂಡೆ.